ಮಧ್ಯಾಹ್ನದ ಬಸ್ಸಿನ ಕೊನೆಯ ಸೀಟು

ಹದ್ದು ಸಾಹೇಬರಿಗೆ ಸುಖ ಒಗ್ಗಿಬಿಟ್ಟಿತ್ತು. ಯಾರೂ ಎಣಿಸಿರದ ಸಂಗತಿ ಇದು. ತಲೆಯಲ್ಲಿ ಇನ್ನೂ ಕಪ್ಪು ಕೂದಲೇ ಹೆಚ್ಚಿರುವ, ಒಂದು ಹಲ್ಲೂ ಅಲುಗದ ಗಂಡಸು ಸಿಟಿ ಬಸ್ಸಿನ ಟಿಕೆಟ್ ತಪಾಸಣೆಯ ಕೆಲಸವನ್ನು ಅವಧಿಗೆ ಮೊದಲೇ ಬಿಟ್ಟು ಮನೆ ಸೇರಿದರೆ ಕೊರಗಿ ಕಡ್ಡಿಯಾಗುತ್ತಾನೆ ಎಂದು ಡಿಪೋದಲ್ಲಿ ಎಲ್ಲರೂ ಮಾತಾಡಿಕೊಂಡಿದ್ದರು. ಕೊರಗುವ ಮಾತು ಹಾಗಿರಲಿ, ಸಾಹೇಬರ ಕೆನ್ನೆ ತುಂಬಿಕೊಂಡಿತು, ನಿದ್ದೆ ಸೊಗಸಾಗಿ ಬರತೊಡಗಿತು, ಬೆಲ್ಟಿಗೆ ಹೊಸದೊಂದು ತೂತು ಬೇಕಾಯಿತು. ಆ ತೂತನ್ನು ಚಪ್ಪಲಿ ಅಂಗಡಿಯವನು ಸಾಲು ಬಿಟ್ಟು ಕೂದಲೆಳೆಯಷ್ಟು ಆಚೆ ಹೊಡೆದಿದ್ದ. ಅದಕ್ಕಾಗಿ ಸಾಹೇಬರು ಅವನನ್ನು ಇವತ್ತಿಗೂ ಕ್ಷಮಿಸಿಲ್ಲ.

ಹದ್ದು ಅನ್ನುವುದು ಡಿಪೋದವರು ಬೆನ್ನ ಹಿಂದೆ ಇಟ್ಟ ಹೆಸರು. ಅದು ಕಿವಿಗೆ ಬಿದ್ದ ದಿನ ಸಾಹೇಬರು ಸಿಟ್ಟಾಗುವ ಬದಲು ಒಳಗೊಳಗೇ ಹಿಗ್ಗಿದರು. ಮೇಲಿನಿಂದ ನೋಡುವ ಹಕ್ಕಿ ಅದು, ಮತ್ತು ಲೋಕವನ್ನು ಮೇಲಿನಿಂದ ನೋಡುವುದರಲ್ಲಿ ಅವರನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ. ಟಿಕೆಟ್ ಇಲ್ಲದವನನ್ನು ಅವರು ಎಂದೂ ಮುಖ ನೋಡಿ ಹಿಡಿದವರಲ್ಲ. ಹಿಂದಿನಿಂದ ಕತ್ತು ನೋಡಿ ಹಿಡಿಯುತ್ತಿದ್ದರು. ಕೈಕೆಳಗಿನ ಹೊಸಬರಿಗೆ ಅದನ್ನೇ ಪಾಠ ಮಾಡುತ್ತಿದ್ದರು.

"ನಾವು ಬಸ್ ಹತ್ತಿದ ತಕ್ಷಣ ಟಿಕೆಟ್ ಇರೋನ ಕತ್ತು ನಮ್ಮ ಕಡೆ ತಿರುಗುತ್ತೆ. ಇಲ್ಲದೋನ ಕತ್ತು ಕಿಟಕಿ ಕಡೆ ತಿರುಗುತ್ತೆ. ಆಚೆ ಏನಿದೆ? ಸಿಮೆಂಟ್ ಗೋದಾಮಿನ ಗೋಡೆ. ದಿನಾ ನೋಡೋ ಬೋಳು ಗೋಡೆ. ಆದ್ರೆ ಅವನು ನೋಡ್ತಾನೆ ನೋಡಿ, ತಾನೇ ಸಾಲ ಮಾಡಿ ಕಟ್ಟಿಸಿದ ಮನೆ ನೋಡೋ ಹಾಗೆ! ಹೋಗಿ ಅವನ ಭುಜ ತಟ್ಟಿ. ಮುಖ ನೋಡಬೇಡಿ, ಟಿಕೆಟ್ ನೋಡಿ."

ಇಂಥ ವಿದ್ಯೆಯುಳ್ಳ ಮನುಷ್ಯ ಕೆಲಸ ಬಿಟ್ಟದ್ದು ಒಂದು ಮಾತಿಗಾಗಿ. ಮೇಲಿನ ಕಚೇರಿಯವರು ಪ್ರಯಾಣಿಕರ ಜೊತೆ ನಯವಾಗಿ ನಡೆದುಕೊಳ್ಳುವುದು ಹೇಗೆ ಎಂದು ತರಬೇತಿ ಇಟ್ಟರು. ನಗಬೇಕಂತೆ. ಟಿಕೆಟ್ ಕೇಳುವಾಗ 'ದಯವಿಟ್ಟು' ಅನ್ನಬೇಕಂತೆ. ಕಳ್ಳನಿಗೆ ದಯವಿಟ್ಟು! ಸಾಹೇಬರ ಮೈ ಉರಿದುಹೋಯಿತು. ಅದೇ ತಿಂಗಳು, ಇಷ್ಟವಿದ್ದವರು ಬೇಗ ನಿವೃತ್ತಿ ತಗೊಳ್ಳಬಹುದು ಎಂಬ ಸುತ್ತೋಲೆ ಬಂದಿತ್ತು. ಮೊದಲ ಅರ್ಜಿಯೇ ಅವರದ್ದು.

ಅದರ ಷರತ್ತುಗಳನ್ನು ಡಿಪೋದ ಊಟದ ಕೋಣೆಯಲ್ಲಿ ಒಬ್ಬ ಗುಮಾಸ್ತ ಮೈಕ್ ಹಿಡಿದು ಓದಿ ಹೇಳಿದ. ಆತನದ್ದು ಮೂಗಿನ ದನಿ. ಪ್ರತಿ ವಾಕ್ಯ ಮುಗಿದಾಗಲೂ ಮೈಕನ್ನು ಉಫ್ ಉಫ್ ಎಂದು ಊದುತ್ತಿದ್ದ. ಉಳಿದ ಅರ್ಜಿದಾರರೆಲ್ಲ ಮೈಯೆಲ್ಲ ಕಿವಿಯಾಗಿ ಕೂತು ಕೇಳಿದರು. ಸಾಹೇಬರು ಎರಡನೇ ವಾಕ್ಯಕ್ಕೇ ಎದ್ದರು. "ಓದೋಕೆ ಬರದವನ ಕೈಗೆ ಮೈಕ್ ಕೊಟ್ಟಿದ್ದು ಯಾರಪ್ಪಾ?" ಎಂದು ಎಲ್ಲರಿಗೂ ಕೇಳಿಸುವಂತೆ ಕೇಳಿ, ಗುಮಾಸ್ತ ಮುಗಿಸುವವರೆಗೂ ಕಿಟಕಿಯ ಹತ್ತಿರ ನಿಂತು ಹೊರಗೆ ಬಸ್ಸು ತೊಳೆಯುವುದನ್ನು ನೋಡುತ್ತಿದ್ದರು. ಕೊನೆಗೆ ಬಂದು ಎಲ್ಲಿ ಸಹಿ ಹಾಕಬೇಕು ಎಂದಷ್ಟೇ ವಿಚಾರಿಸಿದರು.

ಮೊದಲ ಕೆಲವು ವಾರ ಸ್ವಲ್ಪ ತಡವರಿಸಿದ್ದುಂಟು. ಆಮೇಲೆ ದಿನ ತನ್ನಷ್ಟಕ್ಕೆ ಒಂದು ಹದಕ್ಕೆ ಬಂತು. ಬೆಳಗ್ಗೆ ಪಾರ್ಕಿಗೆ ಹೋಗುತ್ತಿದ್ದರು. ಅಲ್ಲಿ ಕೈ ಬೀಸಿಕೊಂಡು ಓಡುವವರನ್ನು, ಹಿಂದುಹಿಂದಕ್ಕೆ ನಡೆಯುವವರನ್ನು, ಗುಂಪು ಕಟ್ಟಿಕೊಂಡು ಕಾರಣವಿಲ್ಲದೆ ಹಹಹ ಎಂದು ನಗುವ ಬೋಳುತಲೆಗಳನ್ನು ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ನೋಡುತ್ತಿದ್ದರು. ಇಷ್ಟು ಓಡಿ ಇವರೆಲ್ಲ ಎಲ್ಲಿಗೆ ಹೋಗಬೇಕಾಗಿದೆ? ಅಲ್ಲಿಂದ ಲೈಬ್ರರಿ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುವ ಒಬ್ಬ ರಿಟೈರ್ಡ್ ಮೇಷ್ಟ್ರು ಅಲ್ಲಿ ಕಾಯಂ ಗಿರಾಕಿ. ಆತ ಮುಟ್ಟಿದ ಪೇಪರನ್ನು ಸಾಹೇಬರು ಮುಟ್ಟುತ್ತಿರಲಿಲ್ಲ. ಆತ ಬರುವುದಕ್ಕೆ ಮುಂಚೆ ಹೋಗಿ ಓದಿ ಮುಗಿಸಿ, ಆತ ಬಾಗಿಲಲ್ಲಿ ಕಂಡ ಕೂಡಲೇ ಪೇಪರನ್ನು ಮಡಿಸಿಟ್ಟು ಏಳುವುದರಲ್ಲಿ ಅವರಿಗೊಂದು ಹಿತ ಇತ್ತು. ಮನೆಗೆ ಬಂದು ಸ್ನಾನ, ಊಟ. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿಯವಳು. ಇವರು ಉಣ್ಣುವ ಹೊತ್ತಿಗೆ ಅವಳು ಕೋಣೆಯ ಪರದೆ ಎಳೆದು ಮಲಗಿರುತ್ತಿದ್ದಳು. ಸಾಹೇಬರು ಕೈ ತೊಳೆದು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಬಾಗಿಲು ಎಳೆದುಕೊಂಡು ಬಸ್ ಸ್ಟಾಪಿಗೆ ಹೊರಡುತ್ತಿದ್ದರು.

ಈ ಮಧ್ಯಾಹ್ನದ ಬಸ್ಸೇ ಅವರ ದಿನದ ಜೀವ. ಪಾರ್ಕು, ಲೈಬ್ರರಿ ಇವೆಲ್ಲ ಅಲ್ಲಿಯವರೆಗೆ ಹೊತ್ತು ಕಳೆಯುವ ದಾರಿ ಅಷ್ಟೇ. ಒಂದು ದಿನ ಡಿಪೋ ಮ್ಯಾನೇಜರ್ "ಆ ಬಸ್ಸಲ್ಲಿ ಮಧ್ಯಾಹ್ನ ಜನ ಕಡಿಮೆ ಸರ್, ಒಂದು ಸುತ್ತು ಹೋಗಿ ಬನ್ನಿ, ಗಾಳಿ ಚೆನ್ನಾಗಿರುತ್ತೆ" ಅಂದಿದ್ದ. ಅದೇ ವಾರ ಹೆಂಡತಿಯೂ ಹೆಚ್ಚು ಕಡಿಮೆ ಅದೇ ಮಾತು ಆಡಿದ್ದಳು. ಇಬ್ಬರೂ ಹೇಳಿದ್ದನ್ನು ಮರೆತು, ಇದು ತಮಗೇ ಹೊಳೆದ ಉಪಾಯ ಎಂದು ಸಾಹೇಬರು ನಂಬಿಕೊಂಡಿದ್ದರು. ಹಿಂಬಾಗಿಲಿನ ಪಕ್ಕದ ಕೊನೆಯ ಸೀಟು ಅವರದ್ದು. ಅಲ್ಲಿ ಕೂತರೆ ಇಡೀ ಬಸ್ಸಿನ ಕತ್ತುಗಳು ಕಣ್ಣ ಮುಂದೆ. ಡಿಪೋದವರ ನಡುವೆ ಒಂದು ರೂಢಿ ಉಂಟು, ತಮ್ಮವರು ಪಾಸನ್ನು ತೆಗೆದು ತೋರಿಸುವುದಿಲ್ಲ. ಕಂಡಕ್ಟರ್ ಹತ್ತಿರ ಬಂದಾಗ ಶರ್ಟಿನ ಜೇಬನ್ನು ಎರಡು ಬೆರಳಿಂದ ಮುಟ್ಟಿದರೆ ಸಾಕು, ಅವನು ತಲೆಯಾಡಿಸಿ ಮುಂದೆ ಹೋಗುತ್ತಾನೆ. ತೆಗೆದು ತೋರಿಸಿ ಅನ್ನುವುದು ಮುಖಕ್ಕೆ ಹೊಡೆದ ಹಾಗೆ. ಸಾಹೇಬರು ಎರಡು ಬೆರಳು ಮುಟ್ಟಿಸಿ, ಒರಗಿ ಕೂತು, ನೋಡಲು ಶುರುಮಾಡುತ್ತಿದ್ದರು.

ನಾಲ್ಕನೇ ಸಾಲಿನ ಹುಡುಗಿಯದ್ದು ಹಳೇ ಟಿಕೆಟು. ಬಾಗಿಲ ಬಳಿಯ ಬಣ್ಣದ ಕೆಲಸದವನು ತನ್ನ ಸ್ಟಾಪು ದಾಟಿದ್ದಾನೆ. ಚೀಲ ತೊಡೆಯ ಮೇಲಿಟ್ಟುಕೊಂಡ ಹೆಂಗಸು ಟಿಕೆಟ್ ತಗೊಂಡಿದ್ದಾಳೆ, ತಗೊಂಡು ಅಂಗೈಯಲ್ಲಿ ಬೆವರಿಗೆ ಒದ್ದೆ ಮಾಡಿಕೊಂಡಿದ್ದಾಳೆ, ಥೂ. ಟಿಕೆಟ್ ತಗೊಳ್ಳದವರು ಕಳ್ಳರು, ತಗೊಂಡವರು ಕುರಿಗಳು. ಸಾಹೇಬರ ಲೆಕ್ಕದಲ್ಲಿ ಬಸ್ಸಿನಲ್ಲಿ ಇರುತ್ತಿದ್ದುದು ಈ ಎರಡೇ ಬಗೆ, ತಮ್ಮೊಬ್ಬರನ್ನು ಬಿಟ್ಟು. ಎಲ್ಲವೂ ಗೊತ್ತಿದ್ದು ಯಾವುದನ್ನೂ ಮಾಡಬೇಕಾಗಿಲ್ಲ ಅನ್ನುವುದೇ ಅವರಿಗೆ ನಿವೃತ್ತಿಯ ಪರಮಸುಖವಾಗಿತ್ತು. ಕೆಲಸದಲ್ಲಿದ್ದಾಗ ಹಿಡಿಯಬೇಕಿತ್ತು, ವಾದ ಮಾಡಬೇಕಿತ್ತು, ದಂಡದ ರಸೀದಿ ಬರೆಯಬೇಕಿತ್ತು. ಈಗ ಬರೀ ತಿರಸ್ಕರಿಸಿದರೆ ಮುಗಿಯಿತು.

ಅದರ ಮೇಲೆ ಆ ಹೊಸ ಚೆಕಿಂಗ್ ಹುಡುಗಿ. ಸಾಹೇಬರೇ ಪಳಗಿಸಿದವಳು, ಅವರ ಜಾಗಕ್ಕೇ ಬಂದವಳು. ಸಿಮೆಂಟ್ ಗೋದಾಮಿನ ಸ್ಟಾಪಿನಲ್ಲಿ ಮುಂಬಾಗಿಲಿನಿಂದ ಹತ್ತಿ, "ಟಿಕೆಟ್, ದಯವಿಟ್ಟು" ಎಂದು ನಗುನಗುತ್ತ ಬರುತ್ತಿದ್ದಳು. ಟಿಕೆಟ್ ತೋರಿಸಿದವರಿಗೆಲ್ಲ ಥ್ಯಾಂಕ್ಸ್ ಹೇಳುತ್ತಿದ್ದಳು. ಹಳೇ ಟಿಕೆಟಿನ ಹುಡುಗಿಯನ್ನು ದಾಟಿ, ಸ್ಟಾಪು ಮೀರಿದವನನ್ನು ದಾಟಿ, ಕೊನೆಗೆ ಸಾಹೇಬರ ಹತ್ತಿರ ಬಂದಾಗ "ಆರಾಮಾ ಸರ್?" ಎಂದು ಕೇಳಿ ಇಳಿದು ಹೋಗುತ್ತಿದ್ದಳು. ಸಾಹೇಬರು ಗತ್ತಿನಿಂದ ತಲೆಯಾಡಿಸುತ್ತಿದ್ದರು. ಅವಳ ಕಣ್ಣು ತಪ್ಪಿಸಿಕೊಂಡ ಒಂದೊಂದು ಕತ್ತೂ ಅವರ ಹೊಟ್ಟೆಯನ್ನು ತಣ್ಣಗೆ ಮಾಡುತ್ತಿತ್ತು.

ಆ ಬಸ್ಸಿನಲ್ಲಿ ಅವರಿಗೆ ತುಂಬ ಬೇಕಾದವನು ಬೂಟಿನವನು. ಇನ್ಶೂರೆನ್ಸ್ ಮಾರುವ ಆಸಾಮಿ, ಕನ್ನಡಿಯ ಹಾಗೆ ಹೊಳೆಯುವ ಬೂಟು, ಬಾಯಿ ತೆರೆದರೆ ಮುಚ್ಚುವುದು ಕಷ್ಟ. ದಿನಾ ಮಾರ್ಕೆಟ್ಟಿಗೆ ಟಿಕೆಟ್ ತಗೊಂಡು, ಅದನ್ನು ಸಣ್ಣಗೆ ಮಡಿಸಿ ಬೆರಳ ಸಂದಿಯಲ್ಲಿ ಹಿಡಿದು, ಮಾರ್ಕೆಟ್ ದಾಟಿ ಕೊನೆಯ ಸ್ಟಾಪಿನವರೆಗೂ ಹೋಗುತ್ತಿದ್ದ. ಇವನದ್ದೂ ಕತ್ತೇ, ಆದರೆ ಪಳಗಿದ ಕತ್ತು, ಕಿಟಕಿಯ ಕಡೆ ಅರ್ಧಕ್ಕೆ ಮಾತ್ರ ತಿರುಗುತ್ತಿತ್ತು. ಸಾಹೇಬರು ಅವನನ್ನು ಮೊದಲ ವಾರದಲ್ಲೇ ಪತ್ತೆ ಮಾಡಿ, ಬಾಯಿ ಬಿಡದೆ, ಮಕ್ಕಳು ಪೆಪ್ಪರಮಿಂಟನ್ನು ಕೆನ್ನೆಯಲ್ಲಿ ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದರು.

ಹಾಗೇ ಇಟ್ಟುಕೊಂಡಿದ್ದರೆ ಅವರ ಸುಖಕ್ಕೆ ಏನೂ ಆಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಬೂಟಿನವನು ಯಾವನೋ ಪರಿಚಯದವನ ಜೊತೆ ಹಿಂದೆ ಬಂದು, ಸಾಹೇಬರ ಮುಂದಿನ ಸೀಟಿನಲ್ಲೇ ಕೂತ. ಚೆಕಿಂಗ್ ಹುಡುಗಿ ಅವನ ಮಡಿಸಿದ ಟಿಕೆಟ್ ನೋಡಿ ಥ್ಯಾಂಕ್ಸ್ ಹೇಳಿ ಎರಡು ಹೆಜ್ಜೆ ದಾಟಿದ್ದಳಷ್ಟೇ. ಅವನು ಪಕ್ಕದವನ ಕಿವಿಯಲ್ಲಿ ಕಿಸಕ್ಕೆಂದು ನಕ್ಕ.

"ಈ ಮೇಡಂ ಪಾಪದವರು. ಮುಂಚೆ ಒಬ್ಬ ಇದ್ನಂತೆ, ಹದ್ದು ಅಂತ. ಭಾರೀ ಹೆಸರು. ಅವನಿದ್ದಾಗಲೂ ನಾನು ಇದೇ ಬಸ್ಸಲ್ಲಿ ಇದೇ ಟಿಕೆಟಲ್ಲಿ ಹೋಗಿದ್ದೀನಿ. ಯಾವ ಹದ್ದೂ ಇಲ್ಲ, ಗೂಬೆಯೂ ಇಲ್ಲ."

ಸಾಹೇಬರ ಕಿವಿ ಕಾದು ಕೆಂಡವಾಯಿತು. ಕಳ್ಳ ಅನ್ನಿಸಿಕೊಂಡರೂ ತಡೆದುಕೊಳ್ಳುತ್ತಿದ್ದರೋ ಏನೋ, ತಪ್ಪಿಸಿಕೊಂಡ ಕಳ್ಳ ಇದ್ದಾನೆ ಎಂಬುದನ್ನು ತಡೆಯಲಾಗಲಿಲ್ಲ. ಎದ್ದು ನಿಂತೇಬಿಟ್ಟರು.

"ಏನಮ್ಮಾ, ಇಲ್ಲಿ ಬಾ. ಈ ಮನುಷ್ಯನ ಟಿಕೆಟ್ ಬಿಚ್ಚಿ ನೋಡು."

ಹುಡುಗಿ ವಾಪಸ್ ಬಂದಳು. ಬೂಟಿನವನು ಒಂದು ಕ್ಷಣ ಬಿಳಿಚಿಕೊಂಡ, ಆಮೇಲೆ ತಾನೇ ಟಿಕೆಟ್ಟನ್ನು ಬಿಡಿಸಿ ಅವಳ ಕೈಗಿಟ್ಟ. ಮಾರ್ಕೆಟ್ ಹಿಂದೆ ಹೋಗಿ ಎಷ್ಟೋ ಹೊತ್ತಾಗಿತ್ತು.

"ನೋಡಿದ್ಯಾ? ದಯವಿಟ್ಟು ಅಂತೆ, ಥ್ಯಾಂಕ್ಸ್ ಅಂತೆ! ನಿನ್ನ ಕಣ್ಣಿಗೆ ಮಣ್ಣು ಹಾಕಿ ದಿನಾ ಓಡಾಡ್ತಿದ್ದಾನೆ. ನಾನು ಕಲಿಸಿದ್ದೆಲ್ಲ ಎಲ್ಲಿ ಹೋಯ್ತು?"

ಬಸ್ಸಿನ ಕತ್ತುಗಳೆಲ್ಲ ಈಗ ಸಾಹೇಬರ ಕಡೆ ತಿರುಗಿದ್ದವು. ಅವರು ಇನ್ನಷ್ಟು ನೆಟ್ಟಗೆ ನಿಂತರು. ಹುಡುಗಿ ರಸೀದಿ ಪುಸ್ತಕ ತೆಗೆದಳು. ಬೂಟಿನವನು ಪರ್ಸ್ ತೆಗೆಯುತ್ತ, ಮದುವೆಮನೆಯಲ್ಲಿ ಮಾತಾಡುವವನ ಹಾಗೆ ಸಲೀಸಾಗಿ ಹೇಳಿದ.

"ಕೊಡ್ತೀನಿ ಮೇಡಂ, ತಪ್ಪು ನನ್ನದೇ. ಆದ್ರೆ ಈ ಯಜಮಾನ್ರ ಟಿಕೆಟ್ ಯಾಕೆ ನೀವು ನೋಡಲ್ಲ? ನಾನು ದಿನಾ ಬರ್ತೀನಿ. ಇವರು ಒಂದು ದಿನಾನೂ ಟಿಕೆಟ್ ತಗೊಂಡಿದ್ದು ನಾನು ಕಂಡಿಲ್ಲ."

"ಅವರು ನಮ್ಮವರು ಕಣ್ರೀ, ನೀವು ಸುಮ್ನೆ ಕೂತ್ಕೊಳ್ಳಿ," ಎಂದು ಆ ಬಸ್ಸಿನ ದಪ್ಪ ಕಂಡಕ್ಟರ್ ದೂರದಿಂದಲೇ ಕೂಗಿದ. ಆ ಕೂಗಿನಲ್ಲಿ ಒಂದು ಗಾಬರಿ ಇತ್ತು. ಸಾಹೇಬರಿಗೆ ಅದು ಕೇಳಿಸಿತು, ಆದರೆ ಗೌರವ ಎಂದುಕೊಂಡರು. ಅವರಿಗೆ ಒಳಗೆ ಹಬ್ಬ. ಇಂಥ ಘಳಿಗೆಗಾಗಿ ಅವರು ಕೆಲಸದಲ್ಲಿದ್ದಷ್ಟು ವರ್ಷವೂ ಕಾದಿದ್ದರೇನೋ.

"ಕೇಳಿದ್ದು ಸರಿಯಾಗೇ ಇದೆ. ನೋಡಮ್ಮ ನನ್ನ ಪಾಸು."

"ಬೇಡ ಸರ್. ನೀವು ಕೂತ್ಕೊಳ್ಳಿ," ಅಂದಳು ಹುಡುಗಿ.

"ಬೇಡ ಅನ್ನೋಕೆ ನೀನ್ಯಾರು? ನಾನು ನಿನಗೆ ಏನು ಹೇಳಿಕೊಟ್ಟಿದ್ದೆ?"

"ಮುಖ ನೋಡಬೇಡ, ಟಿಕೆಟ್ ನೋಡು ಅಂತ."

"ಮತ್ತೆ? ಇಷ್ಟು ಜನದ ಮುಂದೆ ಇವನು ಕೇಳಿದ್ದಾನೆ. ನೋಡು."

ಅವಳು ಇನ್ನೊಂದು ಸಲ, ದನಿ ತಗ್ಗಿಸಿ, "ಸರ್, ದಯವಿಟ್ಟು" ಅಂದಳು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಸಾಹೇಬರಿಗೆ ಮತ್ತೆ ಮೈ ಉರಿಯಿತು. ಜೇಬಿಗೆ ಕೈ ಹಾಕಿ ಪಾಸನ್ನು ಹೊರಗೆಳೆದು, ಬೂಟಿನವನ ಮೂಗಿನ ಮುಂದೆ ಒಂದು ಸುತ್ತು ಆಡಿಸಿ, ಅವಳ ಅಂಗೈಯ ಮೇಲೆ ಪಟ್ಟೆಂದು ಇಟ್ಟರು. ಎಷ್ಟು ವರ್ಷದಿಂದ ಹೊರಗೆ ಬಂದಿರಲಿಲ್ಲವೋ, ಪ್ಲಾಸ್ಟಿಕ್ ಕವರು ಹಳದಿಗಟ್ಟಿ ಫೋಟೋಕ್ಕೆ ಅಂಟಿಕೊಂಡಿತ್ತು. ಹುಡುಗಿ ಅದನ್ನು ತುಂಬ ಹೊತ್ತು ನೋಡಿದಳು. ನೋಡಲು ಅಷ್ಟೊಂದು ಇರಲಿಲ್ಲ.

"ಸರ್, ಇದು ಕೆಲಸದಲ್ಲಿದ್ದಾಗಿನ ಪಾಸು. ಬೇಗ ಬಿಟ್ಟು ಹೋದವರಿಗೆ ಪಾಸ್ ಇರಲ್ಲ. ಅವಧಿ ಮುಗಿಸಿದವರಿಗೆ ಮಾತ್ರ. ಆವತ್ತು ಊಟದ ಕೋಣೇಲಿ ಎಲ್ಲರಿಗೂ ಓದಿ ಹೇಳಿದ್ರಲ್ಲ ಸರ್."

"ಯಾರು ಓದಿದ್ದು?" ಎಂದು ಸಾಹೇಬರು ಕೇಳಿದರು. ಕೇಳುವಾಗಲೇ ಆ ಮೂಗಿನ ದನಿ, ಆ ಉಫ್ ಉಫ್ ಎಲ್ಲ ನೆನಪಿಗೆ ಬಂತು. ಕಿಟಕಿಯಾಚೆ ಬಸ್ಸು ತೊಳೆಯುತ್ತಿದ್ದ ನೀರಿನ ಪೈಪು ಕೂಡ ನೆನಪಿಗೆ ಬಂತು. ಓದಿದ್ದರಲ್ಲಿ ಒಂದಕ್ಷರವೂ ಬರಲಿಲ್ಲ.

ದಪ್ಪ ಕಂಡಕ್ಟರ್ ಟಿಕೆಟ್ ಮಷೀನನ್ನು ಸುಮ್ಮನೆ ಒರೆಸತೊಡಗಿದ. ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ನೋಡಿ ಕಣ್ಣು ತಿರುಗಿಸಿದ. ಅವರಿಬ್ಬರ ಮುಖದಲ್ಲಿ ಎಲ್ಲವೂ ಇತ್ತು, ಒಂದು ಆಶ್ಚರ್ಯವನ್ನು ಬಿಟ್ಟು. ಹುಡುಗಿ ಎರಡನೇ ರಸೀದಿ ಬರೆದಳು. ಮುಖ ನೋಡಲಿಲ್ಲ. ಸಾಹೇಬರು ಪ್ಯಾಂಟಿನ ಜೇಬು ತಡಕಾಡಿ ದಂಡ ಕೊಟ್ಟರು. ಒಂದೆರಡು ನಾಣ್ಯ ಕೆಳಗೆ ಬಿದ್ದವು. ಬೂಟಿನವನೇ ಬಗ್ಗಿ ಹೆಕ್ಕಿಕೊಟ್ಟ. ಆಮೇಲೆ ಒಂದಿಷ್ಟು ಸರಿದು, ಪಕ್ಕದಲ್ಲಿ ಜಾಗ ಮಾಡಿ, ಸೀಟು ತಟ್ಟಿ ತೋರಿಸಿದ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ, ನಿಜವಾದ ಅಕ್ಕರೆ ಇತ್ತು, ಅದೇ ಘೋರ.

"ಬನ್ನಿ ಅಣ್ಣಾ, ಇಲ್ಲಿ ಕೂತ್ಕೊಳ್ಳಿ. ಮೊದಲನೇ ಸಲ ಸಿಕ್ಕಿಬಿದ್ದಾಗ ಎಲ್ಲರಿಗೂ ಹಾಗೇ ಆಗುತ್ತೆ. ಎರಡನೇ ಸಲ ಏನೂ ಅನ್ನಿಸಲ್ಲ."

ಸಾಹೇಬರು ಮುಂದಿನ ಸ್ಟಾಪಿನಲ್ಲಿ ಇಳಿದು, ಅಲ್ಲಿಂದ ಮನೆಗೆ ನಡೆದೇ ಬಂದರು. ದಾರಿಯುದ್ದಕ್ಕೂ ಅವರ ತಲೆ ತಿಂದದ್ದು ದಂಡವಲ್ಲ, ಕಂಡಕ್ಟರನ ಮುಖ. ಅವನಿಗೆ ಗೊತ್ತಿತ್ತು. ಡ್ರೈವರಿಗೂ ಗೊತ್ತಿತ್ತು. ಹಾಗಾದರೆ ಇಡೀ ಡಿಪೋಗೆ ಗೊತ್ತಿತ್ತು. ಇಷ್ಟು ದಿನ ಅವರೆಲ್ಲ ಸೇರಿ ತಮ್ಮ ಮೇಲೆ ಕನಿಕರ ತೋರಿಸುತ್ತಿದ್ದರು! ಸಾಹೇಬರಿಗೆ ಲೋಕದಲ್ಲಿ ಕನಿಕರದಷ್ಟು ಅಸಹ್ಯವಾದದ್ದು ಇನ್ನೊಂದು ಇರಲಿಲ್ಲ. ಮನೆಗೆ ಬಂದವರು ಅಡುಗೆಮನೆಯಲ್ಲಿ ನೀರು ಕುಡಿಯುತ್ತ ಬೇಕೆಂದೇ ಲೋಟವನ್ನು ಕುಕ್ಕಿದರು. ಹೆಂಡತಿ ಕೂದಲು ಕಟ್ಟಿಕೊಳ್ಳುತ್ತ ಎದ್ದು ಬಂದಳು.

"ಕಂಡಕ್ಟರ್ ಫೋನ್ ಮಾಡಿದ್ದ. ದಂಡ ಕಟ್ಟೋಕೆ ದುಡ್ಡು ಇತ್ತು ತಾನೇ ಜೇಬಲ್ಲಿ?"

"ನಿನಗೂ ಗೊತ್ತಿತ್ತಾ?"

"ಗೊತ್ತಿರದೆ ಏನು?"

"ಎಷ್ಟು ದಿನದಿಂದ?"

"ಮೊದಲಿಂದ."

"ಹಾಗಾದ್ರೆ ಎಲ್ಲರೂ ಸೇರ್ಕೊಂಡು ನನ್ನ ಮೇಲೆ ಕನಿಕರ ತೋರಿಸಿದ್ರಿ. ನೀನು ಕೂಡ."

ಹೆಂಡತಿ ಅವರನ್ನು ನೋಡಿದಳು. ಆಮೇಲೆ ನಕ್ಕಳು. ರಾತ್ರಿಯಿಡೀ ನಿಂತು ಕೆಲಸ ಮಾಡಿದವಳ ನಗು, ಬೇಗ ಮುಗಿಯಿತು.

"ಕನಿಕರನಾ? ನಿಮ್ಮ ಮೇಲಾ? ರೀ, ಕೆಲಸ ಬಿಟ್ಟ ಹೊಸದರಲ್ಲಿ ನೀವು ದಿನಾ ಡಿಪೋಗೆ ಹೋಗಿ ಡ್ಯೂಟಿ ರೂಮಲ್ಲಿ ಕೂತು ಅವರ ತಲೆ ತಿಂತಿದ್ರಿ. ಅವನ ಟೋಪಿ ಸರಿ ಇಲ್ಲ, ಇವನಿಗೆ ಲೆಕ್ಕ ಬರಲ್ಲ ಅಂತ. ಅಲ್ಲಿ ಇಲ್ಲದ ದಿನ ಮನೇಲಿರ್ತಿದ್ರಿ. ನಾನು ಕಣ್ಣು ಮುಚ್ಚಿದ್ರೆ ಸಾಕು, ಅಡುಗೆಮನೇಲಿ ಡಬ್ಬ ಇಳಿಸಿ ಡಬ್ಬ ಏರಿಸಿ, ಇದನ್ನ ಹೀಗಾ ಇಡೋದು ಅಂತ ಗೊಣಗಾಟ. ನಿಮ್ಮ ಡಿಪೋ ಮ್ಯಾನೇಜರ್ ಅವರಮ್ಮನ್ನ ನಮ್ಮ ವಾರ್ಡಿಗೆ ಸೇರಿಸಿದಾಗ ಮಾತಿಗೆ ಮಾತು ಬಂತು. ನಮ್ಮ ಗೋಳು ಅವರು ಕೇಳಿದ್ರು, ಅವರ ಗೋಳು ನಾನು ಕೇಳಿದೆ. ಮಧ್ಯಾಹ್ನದ ಬಸ್ಸಲ್ಲಿ ಕೂರಿಸಿಬಿಡೋಣ ಅಂದ್ರು. ಹೂಂ ಅಂದೆ. ಮಗು ರಚ್ಚೆ ಹಿಡಿದ್ರೆ ಹೊರಗೆ ಒಂದು ಸುತ್ತು ಹಾಕಿಸ್ಕೊಂಡು ಬರಲ್ವಾ, ಹಾಗೆ."

"ಆ ಹುಡುಗಿಗೂ ಹೇಳಿದ್ರಾ?"

"ಅವಳಿಗೆ ಮೊದಲು ಹೇಳಿದ್ದು. ಅವಳು ಬೇಡ ಬೇಡ ಅಂದ್ರೂ ನೀವೇ ಪಾಸ್ ಕಿತ್ತು ಕೊಟ್ರಂತಲ್ಲ. ಯಾರು ಏನು ಮಾಡೋಕಾಗುತ್ತೆ?"

ಅವಳು ಲೋಟ ತೊಳೆದು ಬೋರಲು ಹಾಕಿ ಮತ್ತೆ ಹೋಗಿ ಮಲಗಿದಳು. ಸಾಹೇಬರು ಅಡುಗೆಮನೆಯಲ್ಲೇ ನಿಂತಿದ್ದರು. ಕನಿಕರವನ್ನು ಹೇಗೆ ಝಾಡಿಸಬೇಕು ಎಂದು ದಾರಿಯಲ್ಲಿ ಅಷ್ಟೆಲ್ಲ ಮಾತು ಹೊಂದಿಸಿಕೊಂಡು ಬಂದಿದ್ದರು. ಕನಿಕರವೇ ಇರಲಿಲ್ಲ. ಈಗ ಅದೊಂದು ಚೂರಾದರೂ ಇದ್ದಿದ್ದರೆ ಎಂದು ಅವರಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಆಮೇಲೆ ಬಸ್ಸಿನ ಕಡೆ ತಲೆ ಹಾಕಲಿಲ್ಲ. ಪಾರ್ಕಿಗೆ ಹೋದರೆ ಹಹಹ ಎನ್ನುವ ಗುಂಪು ತಮ್ಮನ್ನೇ ನೋಡಿ ನಗುತ್ತಿದೆ ಅನ್ನಿಸುತ್ತಿತ್ತು. ಲೈಬ್ರರಿಗೆ ಹೋಗಲು ತಡವಾಗಿ, ಮೇಷ್ಟ್ರ ಎಂಜಲು ಹತ್ತಿದ ಪೇಪರೇ ಕೈಗೆ ಬಂತು. ಓದಿದರು. ಮಧ್ಯಾಹ್ನ ಮಾತ್ರ ಎಷ್ಟು ನೂಕಿದರೂ ಮುಗಿಯುತ್ತಿರಲಿಲ್ಲ. ಗಡಿಯಾರ ನೋಡಿ, ಬಸ್ಸು ಈಗ ಮಾರ್ಕೆಟ್ ಬಿಟ್ಟಿತು, ಈಗ ಗೋದಾಮು ದಾಟಿತು ಎಂದು ಮನಸ್ಸಿನಲ್ಲೇ ಓಡಿಸುತ್ತಿದ್ದರು. ಸುಮ್ಮನೆ ಕೂರಲಾರದೆ ಅಡುಗೆಮನೆಗೆ ಹೋಗಿ ಡಬ್ಬಗಳಿಗೆ ಕೈ ಹಾಕಿದರು. ಮೊದಲ ದಿನ ಹೆಂಡತಿ ಹಲ್ಲು ಕಚ್ಚಿಕೊಂಡಳು. ಸಕ್ಕರೆಯ ಡಬ್ಬ ಎತ್ತರದಿಂದ ಬಿದ್ದ ದಿನ ಎದ್ದು ಬಂದಳು. ಏನೂ ಬೈಯಲಿಲ್ಲ. ಇಸ್ತ್ರಿ ಮಾಡಿದ ಶರ್ಟು ತಂದು ಅವರ ಕೈಗೆ ಕೊಟ್ಟು, ಹಾಕಿಕೊಳ್ಳುವವರೆಗೂ ಕಾದು, ಅದರ ಜೇಬಿಗೆ ತಾನೇ ಚಿಲ್ಲರೆ ಹಾಕಿದಳು.

"ಹೋಗಿ. ಎಲ್ಲರ ಹಾಗೆ ಟಿಕೆಟ್ ತಗೊಂಡು ಕೂತ್ಕೊಳ್ಳಿ. ಗೌರವವಾಗಿ ಹೋಗಿ ಬನ್ನಿ. ನಾನು ಒಂದು ಗಳಿಗೆ ಮಲಗಬೇಕು."

ಎಲ್ಲರ ಹಾಗೆ! ಸ್ಟಾಪಿನಲ್ಲಿ ನಿಂತಾಗ ಆ ಮಾತು ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. ಕುರಿ ಅನ್ನಿಸಿಕೊಳ್ಳುವುದೋ, ಅಡುಗೆಮನೆಯಲ್ಲಿ ನಿಲ್ಲುವುದೋ, ಇನ್ನು ಉಳಿದಿದ್ದುದು ಇಷ್ಟೇ. ಸಾಹೇಬರು ಬಹಳ ಯೋಚಿಸಿ ಕುರಿಯಾಗುವುದೇ ವಾಸಿ ಎಂದು ತೀರ್ಮಾನಿಸಿದರು. ಟಿಕೆಟ್ ತಗೊಳ್ಳುವುದು, ತಲೆ ಎತ್ತಿ ಕೂರುವುದು, ಆ ಹುಡುಗಿ ಬಂದಾಗ ಅವಳ ಮುಖಕ್ಕೆ ಹಿಡಿಯುವುದು. ಆಗ ಯಾರ ಹಂಗೂ ಇಲ್ಲ.

ಬಸ್ಸು ಬಂತು. ಕಂಡಕ್ಟರುಗಳ ಡ್ಯೂಟಿ ಬದಲಾಗಿ ದಪ್ಪನೆಯವನ ಬದಲು ಸಣಕಲನೊಬ್ಬ ಬಂದಿದ್ದ. ಬೂಟಿನವನು ಮುಂದೆ ಕೂತಿದ್ದ. ಅವನ ಕೈಯಲ್ಲಿ ಟಿಕೆಟ್ಟು, ಮಡಿಸದ್ದು, ಇಡಿಯಾದದ್ದು. ಸಾಹೇಬರನ್ನು ಕಂಡು ಅದನ್ನೊಮ್ಮೆ ಎತ್ತಿ ತೋರಿಸಿ ಕಣ್ಣು ಮಿಟುಕಿಸಿದ. ಸಾಹೇಬರು ಕಂಡೂ ಕಾಣದವರ ಹಾಗೆ ಹೋಗಿ ಕೊನೆಯ ಸೀಟಿನಲ್ಲಿ ಕೂತರು. ಕುಂಡೆಯ ಕೆಳಗೆ ಆ ಸೀಟಿನ ಹಳೇ ತಗ್ಗು ಹಾಗೇ ಇತ್ತು. ಕಣ್ಣ ಮುಂದೆ ಕತ್ತುಗಳೂ ಹಾಗೇ ಇದ್ದವು.

ಸಣಕಲ ಕಂಡಕ್ಟರ್ ಟಿಕೆಟ್ ಕೊಡುತ್ತ ಕೊಡುತ್ತ ಹಿಂದೆ ಬಂದ. ಸಾಹೇಬರು ಚಿಲ್ಲರೆ ತೆಗೆಯಲು ಶರ್ಟಿನ ಜೇಬಿಗೆ ಎರಡು ಬೆರಳು ಇಳಿಸಿದರು. ಬೆರಳ ತುದಿಗೆ ನಾಣ್ಯ ತಾಕಿತು.

"ಆಯ್ತು ಸಾರ್," ಎಂದು ತಲೆಯಾಡಿಸಿ ಕಂಡಕ್ಟರ್ ತಿರುಗಿ ಹೋದ.

ಸಾಹೇಬರು ಬಾಯಿ ತೆರೆದರು. 'ಏಯ್ ಕಂಡಕ್ಟರ್, ಟಿಕೆಟ್ ಕೊಡಯ್ಯ.' ಅಷ್ಟೇ ಹೇಳಬೇಕಾಗಿದ್ದುದು. ಆದರೆ ಆ ತಲೆಯಾಡಿಸುವಿಕೆ! ಎಷ್ಟು ದಿನವಾಗಿತ್ತು ಅದನ್ನು ಕಂಡು. ಅವನಿಗೆ ಏನೂ ಗೊತ್ತಿಲ್ಲ, ಪಾಪ, ತಮ್ಮವರು ಎಂದುಕೊಂಡಿದ್ದಾನೆ. ಈಗ ಕೂಗಿದರೆ ಇಡೀ ಬಸ್ಸು ತಿರುಗಿ ನೋಡುತ್ತದೆ. ಮುಂದಿನ ಸ್ಟಾಪಿನಲ್ಲಿ ತಗೊಂಡರಾಯಿತು. ಮುಂದಿನ ಸ್ಟಾಪು ಬಂದು ಹೋಯಿತು. ಮಾರ್ಕೆಟ್ಟಿನಲ್ಲಿ ತಗೊಂಡರಾಯಿತು. ಮಾರ್ಕೆಟ್ಟಿನಲ್ಲಿ ನಾಲ್ಕು ಜನ ಇಳಿದರು, ಗಾಳಿ ಸೊಗಸಾಗಿ ಬೀಸಿತು. ಸಾಹೇಬರು ಬೆರಳುಗಳನ್ನು ಜೇಬಿನಿಂದ ಮೆಲ್ಲಗೆ ಹೊರಗೆಳೆದು, ಒರಗಿ ಕೂತು, ನಾಲ್ಕನೇ ಸಾಲಿನ ಹುಡುಗಿಯ ಕತ್ತನ್ನು ನೋಡಿ ಮೂಗು ಮುರಿದರು. ಇವತ್ತೂ ಹಳೇ ಟಿಕೆಟು.

ಗೋದಾಮಿನ ಸ್ಟಾಪಿನಲ್ಲಿ ಬಸ್ಸು ನಿಂತಿತು. ಮುಂಬಾಗಿಲಿನಲ್ಲಿ "ಟಿಕೆಟ್, ದಯವಿಟ್ಟು" ಎಂಬ ದನಿ ಕೇಳಿತು. ಬೂಟಿನವನ ಕತ್ತು ಅತ್ತ ತಿರುಗಿತು. ಚೀಲದ ಹೆಂಗಸಿನ ಕತ್ತು ತಿರುಗಿತು. ಒಂದೊಂದಾಗಿ ಕತ್ತುಗಳು ಅತ್ತ ತಿರುಗುತ್ತ ಬಂದವು, ಹೆಜ್ಜೆಯ ಸದ್ದು ಹಿಂದೆ ಹಿಂದೆ ಬಂತು.

ಸಾಹೇಬರು ಕಿಟಕಿಯಾಚೆ ಸಿಮೆಂಟ್ ಗೋದಾಮಿನ ಗೋಡೆಯನ್ನು ನೋಡುತ್ತಿದ್ದರು. ಎಷ್ಟು ಉದ್ದದ ಗೋಡೆ, ಎಷ್ಟು ಚೆಂದ ಗಾರೆ ಮಾಡಿದ್ದಾರೆ, ಇಷ್ಟು ದಿನ ಸರಿಯಾಗಿ ನೋಡಿಯೇ ಇರಲಿಲ್ಲ.